ಸಾಲ್ಟೇರ್ ಎಂದರೆ ಟೈಟಸ್ ಸಾಲ್ಟ್ ಒಬ್ಬರೇ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಸಾಲ್ಟೇರ್ ಊರಿನ ಬಗ್ಗೆ ಬಂದ ಪ್ರವಾಸ ಲೇಖನವನ್ನು ಎರಡು ಸಲ ಓದಿದೆ. ಯಾರ್ಕ್‌ಶೈರ್‌ನ ಆ ಊರಿನಲ್ಲಿ ನಾನು ಆರನೆಯ ವಯಸ್ಸಿನಿಂದ ಹದಿಮೂರರವರೆಗೆ, ಅಂದರೆ 1961ರಿಂದ 1968ರವರೆಗೆ ಬೆಳೆದವಳು. ಅಲ್ಲಿನ ಬೀದಿಗಳ ಹೆಸರನ್ನು ಕನ್ನಡ ಪತ್ರಿಕೆಯಲ್ಲಿ ನೋಡಿ ಕಣ್ಣು ತುಂಬಿ ಬಂತು. ಆದರೆ ಲೇಖನ ಓದಿ ಮುಗಿಸಿದಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದರಲ್ಲಿ ಊರು ಕಟ್ಟಿಸಿದ ಟೈಟಸ್ ಸಾಲ್ಟ್ ಇದ್ದಾರೆ, ಅವರ ಉಣ್ಣೆ ಬಟ್ಟೆಯ ಗಿರಣಿ ಇದೆ, ಈಗಿನ ಚಿತ್ರಶಾಲೆ ಇದೆ. ಆ ಮನೆಗಳಲ್ಲಿ ಬದುಕಿದವರು ಮಾತ್ರ ಎಲ್ಲಿಯೂ ಇಲ್ಲ.

ಸಾಲ್ಟ್ ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಹತ್ತಿರದ ಬ್ರಾಡ್‌ಫರ್ಡ್ ನಗರದ ಹೊಗೆ, ಕೊಳಚೆ, 1849ರ ಕಾಲರಾ ಇವನ್ನೆಲ್ಲ ಮೇಯರ್ ಆಗಿ ಕಣ್ಣಾರೆ ಕಂಡವರು. ಏರ್ ನದಿಯ ದಂಡೆಯಲ್ಲಿ ಹೊಸ ಗಿರಣಿ ಕಟ್ಟಿಸಿ, 1853ರ ಸೆಪ್ಟೆಂಬರ್ 20ರಂದು, ತಮ್ಮ ಐವತ್ತನೆಯ ಹುಟ್ಟುಹಬ್ಬದ ದಿನವೇ ಅದನ್ನು ಆರಂಭಿಸಿದರು. ತಮ್ಮ ಹೆಸರನ್ನೂ ನದಿಯ ಹೆಸರನ್ನೂ ಕೂಡಿಸಿ ಊರಿಗೆ ಹೆಸರಿಟ್ಟರು. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರು: ಕ್ಯಾರೊಲೈನ್, ಅಮೀಲಿಯಾ, ಫ್ಯಾನಿ, ಹೆಲೆನ್, ಏಡಾ. ಇದೆಲ್ಲ ಲೇಖನದಲ್ಲಿ ಸರಿಯಾಗಿಯೇ ಇದೆ. ಆದರೆ ಸುಮಾರು 850 ಮನೆಗಳನ್ನು ಕಾರ್ಮಿಕರಿಗೆ ‘ಕೊಡುಗೆಯಾಗಿ ನೀಡಿದರು’ ಎಂದು ಬರೆದದ್ದು ತಪ್ಪು. ಅವು ಬಾಡಿಗೆ ಮನೆಗಳು. ದುಡಿದು ಬಾಡಿಗೆ ಕಟ್ಟಿದ್ದಾರೆ. ಮೇಸ್ತ್ರಿಗೆ ದೊಡ್ಡ ಮನೆ, ಮುಂದೊಂದು ಕೈತೋಟ; ಸಾಮಾನ್ಯ ಕೆಲಸಗಾರನಿಗೆ ಚಿಕ್ಕ ಮನೆ. ಬಾಗಿಲು ನೋಡಿದರೆ ಸಾಕು, ಗಿರಣಿಯಲ್ಲಿ ಯಾರ ಸ್ಥಾನ ಯಾವುದೆಂದು ತಿಳಿಯುತ್ತಿತ್ತು. 1933ರಲ್ಲಿ ಆ ಮನೆಗಳನ್ನೆಲ್ಲ ಒಟ್ಟಾಗಿ ಒಂದು ಆಸ್ತಿ ಸಂಸ್ಥೆಗೆ ಮಾರಿದರು. ಆಮೇಲೆ ನಮ್ಮಂಥ ಹೊರಗಿನವರಿಗೂ ಅಲ್ಲಿ ಬಾಡಿಗೆಗೆ ಮನೆ ಸಿಗುವಂತಾಯಿತು.

ನನ್ನ ಅಪ್ಪ ಮುಂಬೈಯಲ್ಲಿ ವೈದ್ಯಕೀಯ ಓದಿ ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದವರು. ಅವ್ವ ಗುಳೇದಗುಡ್ಡದವಳು. ಖಣ ನೇಯುವ ಮನೆತನ. ಕುಣಿಮಗ್ಗದ ಸದ್ದು ಕೇಳುತ್ತಲೇ ಬೆಳೆದವಳಿಗೆ ಸಾಲ್ಟೇರ್‌ನ ಗಿರಣಿಯ ಸದ್ದು ಹೊಸದೆನಿಸಲಿಲ್ಲವಂತೆ. ಇಂಗ್ಲಿಷ್ ಮಾತ್ರ ಒಂದಕ್ಷರ ಬರುತ್ತಿರಲಿಲ್ಲ.

ನಾವಿದ್ದದ್ದು ಹೆಲೆನ್ ಬೀದಿಯಲ್ಲಿ. ಸೋಮವಾರ ಬಟ್ಟೆ ಒಗೆಯುವ ದಿನ, ಇಡೀ ಊರಿಗೆ ಅದೊಂದೇ ದಿನ. ಹಿತ್ತಲ ಓಣಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದರು. ಓಣಿಯಲ್ಲಿ ಹೀಗೆ ಬಟ್ಟೆ ತೂಗುಹಾಕುವುದು ಸಾಲ್ಟ್ ಅವರಿಗೆ ಸೇರುತ್ತಿರಲಿಲ್ಲವೆಂದೂ ಅದಕ್ಕಾಗಿಯೇ ಅವರು ಉಗಿಯಂತ್ರವಿಟ್ಟು ದೊಡ್ಡ ಒಗೆಯುವ ಮನೆ ಕಟ್ಟಿಸಿದ್ದರೆಂದೂ ಹಿರಿಯರು ಹೇಳುತ್ತಿದ್ದರು. ನಾಲ್ಕು ಜನರ ಎದುರಿಗೆ ಮನೆಯ ಮೈಲಿಗೆ ಬಟ್ಟೆ ಬಿಚ್ಚಿಡಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಆ ಕಟ್ಟಡವನ್ನು 1936ರಲ್ಲಿ ಕೆಡವಿದರು. ಹಗ್ಗಗಳು ಮಾತ್ರ ಉಳಿದವು.

ಒಂದು ಸೋಮವಾರ ಅವ್ವ ತನ್ನ ಎಂಟು ಗಜದ ಇಳಕಲ್ ಸೀರೆಯನ್ನು ಓಣಿಯ ಉದ್ದಕ್ಕೂ ಹರವಿದ್ದಳು. ಕಡುನೀಲಿ ಮೈ, ಕೆಂಪು ದಡಿ, ತೋಪು ತೆನೆಯ ಸೆರಗು. ಕಪ್ಪು ಗೋಡೆಗಳ ನಡುವೆ ಆ ಬಣ್ಣ ಹೇಗೆ ಕಾಣುತ್ತಿತ್ತೆಂದು ಹೇಳಲಾರೆ. ಓಣಿಯ ಮಕ್ಕಳೆಲ್ಲ ಅದರ ಕೆಳಗೆ ನುಸುಳಿ ಓಡುತ್ತಿದ್ದೆವು. ಅಷ್ಟರಲ್ಲಿ ಕಲ್ಲಿದ್ದಲ ಗಾಡಿ ಬಂತು. ಗಾಡಿ ಬಂದರೆ ಕೋಲು ಕೊಟ್ಟು ಹಗ್ಗ ಮೇಲೆತ್ತಬೇಕು. ಅವ್ವ ಗಡಿಬಿಡಿಯಲ್ಲಿ ಎತ್ತಿದಾಗ ಸೀರೆ ಗೋಡೆಯ ಕೊಳವೆಯ ಕೊಕ್ಕೆಗೆ ಸಿಕ್ಕಿ, ಸೆರಗಿನ ಹತ್ತಿರ ಗೇಣುದ್ದ ಹರಿಯಿತು. ತವರಿನವರು ಕೊಟ್ಟ ಸೀರೆ. ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು.

ಪಕ್ಕದ ಮನೆಯ ಅಜ್ಜಿ ಹೊರಗೆ ಬಂದರು. ಅವ್ವ ಹೇಳಿಕೊಟ್ಟಂತೆ ನಾನು ಅವರನ್ನು ‘ಆಯಿ’ ಎನ್ನುತ್ತಿದ್ದೆ. ನಾನಿಟ್ಟ ಹೆಸರೇ ಇರಬೇಕೆಂದುಕೊಂಡು ಅವರೂ ಓಗೊಡುತ್ತಿದ್ದರು. ಸೀರೆಯನ್ನು ಕೈಗೆ ತೆಗೆದುಕೊಂಡವರು ಮೊದಲು ಮಾಡಿದ ಕೆಲಸವೆಂದರೆ ಅದನ್ನು ತಿರುವಿ ಹಿಂಬದಿ ನೋಡಿದ್ದು. ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿಕೊಂಡವರಂತೆ ಬೆರಳ ತುದಿಯಿಂದ ಬಟ್ಟೆ ತಡವುತ್ತ ಹೋದರು. ಸೆರಗು ಮೈಗೆ ಕೂಡುವ ಕಡೆ ಬೆರಳು ತಟ್ಟನೆ ನಿಂತಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಅದೇ ಜಾಗ. ಅವರು ತಲೆಯೆತ್ತಿ ಅವ್ವನ ಮುಖ ನೋಡಿದರು. ಅವ್ವ ಕಣ್ಣೊರೆಸಿಕೊಂಡು ಎರಡು ತೋರುಬೆರಳುಗಳನ್ನು ಬಾಗಿಸಿ ಒಂದಕ್ಕೊಂದು ಸಿಕ್ಕಿಸಿ ತೋರಿಸಿದಳು. ಆಯಿ ತಾವೂ ಹಾಗೆಯೇ ಬೆರಳು ಸಿಕ್ಕಿಸಿ, ‘ಪ್ರತಿಯೊಂದು ಎಳೆಯೂ?’ ಎಂದು ಕೇಳಿದರು. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಹೌದೆಂದು ತಲೆಯಾಡಿಸಿದಳು. ಅಂದಿನಿಂದ ಅವರಿಬ್ಬರಿಗೆ ನನ್ನ ದುಭಾಷಿತನದ ಅಗತ್ಯ ಅಷ್ಟಾಗಿ ಬೀಳಲಿಲ್ಲ.

ಆಯಿ ಗಿರಣಿಯಲ್ಲಿ ‘ಮೆಂಡರ್’ ಆಗಿದ್ದವರು. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯಲ್ಲಿ ಗಂಟು ಉಳಿದಿರುತ್ತದೆ, ನಡುವೆ ಎಳೆ ತಪ್ಪಿರುತ್ತದೆ. ಗಂಟನ್ನು ಚಿಮುಟದಿಂದ ಎತ್ತಿ, ತಪ್ಪಿದ ಎಳೆಯನ್ನು ಸೂಜಿಯಿಂದ ಒಂದರ ಮೇಲೆ ಒಂದರ ಕೆಳಗೆ ಪೋಣಿಸಿ, ಮಗ್ಗವೇ ನೇಯ್ದಂತೆ ಮಾಡಬೇಕು. ನಮ್ಮಲ್ಲಿ ರಫೂ ಎನ್ನುತ್ತೇವಲ್ಲ, ಅದರ ಅತ್ಯಂತ ಸೂಕ್ಷ್ಮ ರೂಪ. ಬೆಳಕು ಚೆನ್ನಾಗಿರುವ ಕಿಟಕಿಯ ಬಳಿ ಇಳಿಜಾರು ಮೇಜು, ಅದರ ಮೇಲೆ ಬಟ್ಟೆ. ಬ್ರಾಡ್‌ಫರ್ಡ್‌ನ ಉಣ್ಣೆ ಬಟ್ಟೆ ಜಗತ್ತಿನಲ್ಲಿ ಹೆಸರು ಮಾಡಿದ್ದು ಮಾಲೀಕರ ಹೆಸರಿನಿಂದ. ಆದರೆ ಆ ಬಟ್ಟೆ ತಪ್ಪಿಲ್ಲದೆ ಹೊರಬೀಳುತ್ತಿದ್ದದ್ದು ಈ ಹೆಂಗಸರ ಬೆರಳುಗಳಿಂದ. ಲೇಖನದಲ್ಲಿ ನನಗೆ ಕಾಣದೆ ಹೋದದ್ದು ಈ ಬೆರಳುಗಳೇ.

ಆಯಿ ಗಿರಣಿಗೆ ಸೇರಿದಾಗ ಅವರಿಗೆ ಹನ್ನೆರಡು ವರ್ಷ. ಆಗ ‘ಅರ್ಧ ಹೊತ್ತಿನ’ ಮಕ್ಕಳೆಂಬ ಪದ್ಧತಿಯಿತ್ತು. ಒಂದು ವಾರ ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಶಾಲೆ. ಮರುವಾರ ಬೆಳಿಗ್ಗೆ ಶಾಲೆ, ಮಧ್ಯಾಹ್ನ ಗಿರಣಿ. ನೂಲುವ ಯಂತ್ರದಲ್ಲಿ ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುವ ಕೆಲಸ. ಮಧ್ಯಾಹ್ನದ ಪಾಠದಲ್ಲಿ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದೆವು, ಒಳ್ಳೆಯ ಮನಸ್ಸಿನ ಉಪಾಧ್ಯಾಯಿನಿಯಾದರೆ ಎಬ್ಬಿಸುತ್ತಿರಲಿಲ್ಲ ಎಂದು ಹೇಳುತ್ತಿದ್ದರು. 1918ರ ಶಿಕ್ಷಣ ಕಾಯ್ದೆಯಿಂದ ಆ ಪದ್ಧತಿ ಕೊನೆಗೊಂಡಿತು. ಮಗ್ಗದ ಕೋಣೆಯಲ್ಲಿ ಸದ್ದಿನಿಂದ ಮಾತು ಕೇಳಿಸದ ಕಾರಣ ನೇಕಾರ ಹೆಂಗಸರು ತುಟಿಯ ಚಲನೆಯಿಂದಲೇ ಮಾತು ಓದುತ್ತಿದ್ದರು. ಓಣಿಯ ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು ನಿಂತು ಸದ್ದೇ ಇಲ್ಲದೆ ಹರಟುವುದನ್ನು ನಾನು ಎಷ್ಟೋ ಸಂಜೆ ಕಂಡಿದ್ದೇನೆ.

ನವೆಂಬರ್ 5ರ ಬೆಂಕಿಹಬ್ಬ ಬಂದರೆ ಅವ್ವನಿಗೆ ಊರು ನೆನಪಾಗುತ್ತಿತ್ತು. ಹಿಂದಿನ ಕೆಲವು ವಾರ ಹುಡುಗರು ಗುಂಪು ಕಟ್ಟಿಕೊಂಡು ಕಟ್ಟಿಗೆ ಕೂಡಿಸುತ್ತಾರೆ. ಆ ಕಡೆಯ ಮಾತಿನಲ್ಲಿ ಅದಕ್ಕೆ ‘ಚಂಪಿಂಗ್’. ಕೇಳಿ ತರುವುದು ಸ್ವಲ್ಪ, ಕದ್ದು ತರುವುದು ಬಹಳ. ಪಕ್ಕದ ಓಣಿಯವರು ನಮ್ಮ ರಾಶಿಗೆ ಕೈಹಾಕದಂತೆ ಸರದಿಯ ಮೇಲೆ ಕಾವಲು ಬೇರೆ. ‘ಇದು ನಮ್ಮ ಕಾಮಣ್ಣನ ಕಟ್ಟಿಗೆ ಅಲ್ಲದೆ ಮತ್ತೇನು!’ ಎಂದು ಅವ್ವ ಹಿತ್ತಲಲ್ಲಿದ್ದ ಮುರುಕು ಕುರ್ಚಿಯನ್ನು ತಾನೇ ಎತ್ತಿ ಹುಡುಗರಿಗೆ ಕೊಟ್ಟಳು. ಅಂದು ರಾತ್ರಿ ಹಂಚುವ ‘ಪಾರ್ಕಿನ್’ ಎಂಬ ಕೇಕಿನಲ್ಲಿ ಓಟ್ಸ್ ಹಿಟ್ಟು, ಶುಂಠಿ, ಕಾಕಂಬಿಯಂಥ ಕಪ್ಪು ಪಾಕ. ಮಾಡಿದ ದಿನಕ್ಕಿಂತ ನಾಲ್ಕು ದಿನ ಇಟ್ಟು ತಿಂದರೆ ರುಚಿ. ಶುಂಠಿ ಬೆಲ್ಲದ ಆ ವಾಸನೆ ಈಗಲೂ ನನಗೆ ಹೊಗೆಯ ವಾಸನೆಯ ಜೊತೆಗೇ ಬರುತ್ತದೆ.

ಆಗಸ್ಟ್‌ನಲ್ಲಿ ಒಂದು ವಾರ ಬ್ರಾಡ್‌ಫರ್ಡ್ ಸೀಮೆಯ ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಜನ ಸಮುದ್ರ ನೋಡಲು ಮೋರ್‌ಕಮ್‌ಗೆ ಹೋಗುತ್ತಿದ್ದರು. ಎಷ್ಟರಮಟ್ಟಿಗೆಂದರೆ ಆ ಊರಿಗೆ ‘ಕಡಲತೀರದ ಬ್ರಾಡ್‌ಫರ್ಡ್’ ಎಂಬ ಹೆಸರೇ ಬಿದ್ದಿತ್ತು. ನಾವು ಒಂದೇ ಸಲ ಹೋದೆವು, ಮಳೆ ಬಂತು. ನನಗೆ ನೆನಪಿರುವುದು ಊರಿನಲ್ಲೇ ಉಳಿದ ವರ್ಷಗಳು. ಚಿಮಣಿಗಳು ತಣ್ಣಗಾಗಿ ಎರಡು ಮೂರು ದಿನಕ್ಕೆ ಆಚೆಯ ಗುಡ್ಡ ಹಸಿರಾಗಿ ಕಾಣಿಸಿಕೊಳ್ಳುತ್ತಿತ್ತು.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಸಂಜೆ ಹೆಂಗಸರು ಗಿರಣಿಗಳಿಂದ ಮನೆಗೆ ಹೊರಟ ಮೇಲೆ ರಾತ್ರಿ ಪಾಳಿಗೆ ಗಂಡಸರು ಬರುತ್ತಿದ್ದರು. ಬ್ರಾಡ್‌ಫರ್ಡ್ ಸುತ್ತಿನ ಗಿರಣಿಗಳಲ್ಲಿ ಅವರಲ್ಲಿ ಬಹಳ ಜನ ಪಾಕಿಸ್ತಾನದ ಕಡೆಯ ಮೀರ್‌ಪುರದವರು. ಮಂಗಲಾ ಅಣೆಕಟ್ಟಿನಿಂದ ಹೊಲ ಮನೆ ಕಳೆದುಕೊಂಡವರು ಅವರಲ್ಲಿ ಅನೇಕರು. ಒಂದೇ ಹಾಸಿಗೆಯಲ್ಲಿ ಹಗಲು ಪಾಳಿಯವನು ರಾತ್ರಿ, ರಾತ್ರಿ ಪಾಳಿಯವನು ಹಗಲು ಮಲಗುತ್ತಿದ್ದ ದಿನಗಳವು. ಅಪ್ಪನಿಗೆ ಮುಂಬೈಯ ಹಿಂದಿ ಬರುತ್ತಿದ್ದುದರಿಂದ ಕೆಲವರು ರಜೆಯ ದಿನ ಮನೆಗೇ ಬಂದು ಕೆಮ್ಮು, ಬೆನ್ನುನೋವು ಹೇಳಿಕೊಳ್ಳುತ್ತಿದ್ದರು, ಜೊತೆಗೆ ಪತ್ರ ಓದಿಸಿಕೊಳ್ಳುತ್ತಿದ್ದರು. ಅವರಲ್ಲೊಬ್ಬರು ಬಾಗಿಲ ಬಳಿ ನೆಲದ ಮೇಲೆ ಕುಳಿತು, ನೀರು ಇಳಿದಾಗ ನಮ್ಮೂರಿನ ಗೋಡೆಗಳು ಕಾಣುತ್ತವಂತೆ ಎಂದದ್ದು ನನ್ನ ಕಿವಿಯಲ್ಲಿದೆ. ಎಷ್ಟೋ ವರ್ಷಗಳ ಮೇಲೆ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಸೇರಿದಾಗ ಅವ್ವ ನೆನೆದದ್ದು ಅವರನ್ನೇ.

ಗಿರಣಿ 1986ರಲ್ಲಿ ನಿಂತಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬವರು ಅದನ್ನು ಕೊಂಡು, ಬ್ರಾಡ್‌ಫರ್ಡ್‌ನವರೇ ಆದ ಡೇವಿಡ್ ಹಾಕ್ನಿಯವರ ಚಿತ್ರಗಳಿಗೆ ಅಲ್ಲಿ ಜಾಗ ಮಾಡಿದರು. 2001ರಲ್ಲಿ ಊರು ಯುನೆಸ್ಕೊ ಪಟ್ಟಿಗೆ ಸೇರಿತು. ಕೆಲವು ವರ್ಷಗಳ ಹಿಂದೆ ಮಗಳೊಂದಿಗೆ ಹೋಗಿದ್ದೆ. ಹೆಲೆನ್ ಬೀದಿಯ ತಿರುವಿನಲ್ಲಿ ದಾರಿ ತಪ್ಪಿದೆನೇನೋ ಎಂದು ನಿಂತುಬಿಟ್ಟೆ. ನನ್ನ ಊರು ಕಪ್ಪಗಿತ್ತು. ಗೋಡೆಗೆ ಒರಗಿದರೆ ಫ್ರಾಕಿನ ಬೆನ್ನಿಗೆ ಮಸಿ ಹತ್ತುತ್ತಿತ್ತು. ಕಲ್ಲಿನ ಬಣ್ಣವೇ ಕಪ್ಪು ಎಂದು ನಾನು ನಂಬಿದ್ದೆ. ಈಗ ಮಸಿ ತೊಳೆದ ಆ ಕಲ್ಲು ಜೇನಿನ ಬಣ್ಣದ್ದು! ಸಾಲ್ಟ್ ಕಾಲದ ಜನ ಮೊದಲು ಕಂಡದ್ದು ಈ ಬಣ್ಣವನ್ನೇ ಇರಬೇಕು. ನನ್ನ ಬಾಲ್ಯದವರಾರೂ ಅದನ್ನು ಕಾಣಲಿಲ್ಲ. ಗಿರಣಿಯೊಳಗೆ ಈಗ ಪುಸ್ತಕದಂಗಡಿ, ಹೂವಿನ ವಾಸನೆ. ನಾನು ಮೂಗರಳಿಸಿ ಹುಡುಕಿದ್ದು ಹಸಿ ಉಣ್ಣೆಯ ಜಿಡ್ಡಿನ ವಾಸನೆಯನ್ನು. ಸಂಜೆ ಆಯಿ ನನ್ನ ಕೆನ್ನೆ ಸವರಿದರೆ ಅದೇ ವಾಸನೆ ಬರುತ್ತಿತ್ತು.

ಬ್ರಾಡ್‌ಫರ್ಡ್‌ನವರು 1980ರ ದಶಕದಲ್ಲೇ ಒಂದು ಒಳ್ಳೆಯ ಕೆಲಸ ಮಾಡಿದರು. ಟೇಪ್ ರೆಕಾರ್ಡರ್ ಹಿಡಿದು ಮನೆ ಮನೆಗೆ ಹೋಗಿ, ಗಿರಣಿಯ ಹಳಬರನ್ನೂ ಹೊರದೇಶದಿಂದ ಬಂದು ನೆಲೆಸಿದವರನ್ನೂ ಮಾತನಾಡಿಸಿ ನೂರಾರು ಸಂದರ್ಶನಗಳನ್ನು ಉಳಿಸಿಕೊಂಡರು. ಆದರೆ ನಮ್ಮಂತೆ ಕೆಲವು ವರ್ಷ ಇದ್ದು ಹಿಂದಿರುಗಿದವರ ನೆನಪು ಅಲ್ಲಿನ ಟೇಪುಗಳಿಗೆ ಸಿಕ್ಕಿರಲಾರದು. ಆ ಕಾಲದಲ್ಲಿ ಕನ್ನಡ ನಾಡಿನಿಂದ ಎಷ್ಟೋ ವೈದ್ಯರು ಬ್ರಿಟನ್ನಿಗೆ ಹೋದರು. ಹೆಚ್ಚಿನವರಿಗೆ ಕೆಲಸ ಸಿಕ್ಕಿದ್ದು ಲಂಡನ್ನಿನಲ್ಲಲ್ಲ; ಅಲ್ಲಿನ ವೈದ್ಯರು ಹೋಗಲು ಒಲ್ಲದ ಗಿರಣಿ ಊರುಗಳಲ್ಲಿ, ವೇಲ್ಸ್‌ನ ಗಣಿ ಕಣಿವೆಗಳಲ್ಲಿ. ಅವರ ಹೆಂಡಂದಿರು, ಮಕ್ಕಳು ಈಗ ಎಪ್ಪತ್ತು, ಎಂಬತ್ತು, ತೊಂಬತ್ತರವರಾಗಿ ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಲ್ಲಿದ್ದಾರೆ. ಆ ಊರುಗಳ ಓಣಿ, ಅಡುಗೆಮನೆ, ಶಾಲೆಯ ಅಂಗಳವನ್ನು ಕಂಡ ಕನ್ನಡದ ಕಣ್ಣುಗಳು ಅವು. ತಮ್ಮ ಪುರವಣಿಯಲ್ಲಿ ತಿಂಗಳಿಗೆ ಅರ್ಧ ಪುಟ ಅವರಿಗಾಗಿ ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಬರೆಯಲಾಗದವರಿದ್ದರೆ ಕೇಳಿ ಬರೆದುಕೊಳ್ಳಲು ಯಾರನ್ನಾದರೂ ಕಳಿಸಿ. ಧಾರವಾಡದ ಸುತ್ತಮುತ್ತ ಆ ಕೆಲಸ ಮಾಡಲು ನಾನೇ ಸಿದ್ಧಳಿದ್ದೇನೆ. ನನ್ನ ಅವ್ವನನ್ನು ಕೂರಿಸಿ ಕೇಳಿ ಬರೆದುಕೊಳ್ಳಬೇಕೆಂದು ವರ್ಷ ವರ್ಷವೂ ಅಂದುಕೊಂಡೆ. ಅವಳು ಹೋಗಿ ಈಗ ಆರು ವರ್ಷವಾಯಿತು.

ಆ ಸೀರೆ ನನ್ನ ಬಳಿ ಇದೆ. ಆಯಿ ಹದಿನೇಳು ದಿನ ಇಟ್ಟುಕೊಂಡು, ಸೀರೆಯ ಒಳ ಅಂಚಿನಿಂದಲೇ ಎಳೆ ಹಿರಿದು ರಫೂ ಮಾಡಿ ಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಹರಿದ ಜಾಗ ಮುಂಬದಿಯಿಂದ ನೋಡಿದರೆ ಇಂದಿಗೂ ತಿಳಿಯುವುದಿಲ್ಲ. ತಿರುವಿ, ಬೆರಳ ತುದಿಯಿಂದ ನಿಧಾನವಾಗಿ ತಡವಬೇಕು. ತಮ್ಮ ಲೇಖಕರು ಧಾರವಾಡದ ಕಡೆ ಬಂದರೆ ದಯವಿಟ್ಟು ಮನೆಗೆ ಬರಲಿ, ಆ ಜಾಗವನ್ನು ಅವರ ಬೆರಳಿಗೆ ತೋರಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ,
ಧಾರವಾಡ