ಲೋ ಮಾನಿಟರ್, ನಿಮ್ಮಪ್ಪನ ಅಂಗಡಿ ವಿಷಯ

ಲೋ ಮಾನಿಟರ್,

ವಾಟ್ಸಾಪ್‌ನಲ್ಲಿ ಬರೆದರೆ ನೀನು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ, ಹೇಗೆ ತಪ್ಪಿಸಿಕೊಳ್ತೀಯ ನೋಡೋಣ. (ಓದುತ್ತಿರುವ ಉಳಿದವರಿಗೆ: ದಯವಿಟ್ಟು ಇವನ ಹತ್ತಿರ ಗ್ರೈಪ್ ವಾಟರ್ ಸುದ್ದಿ ಎತ್ತಬೇಡಿ.)

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೌನ್‌ಟೌನ್ ಪಕ್ಕದ ನಮ್ಮ ಏರಿಯಾಗೆ ಒಂದು ದೊಡ್ಡ ಚೈನ್ ಫಾರ್ಮಸಿ ಬರುತ್ತೆ ಅಂತ ಹನ್ನೆರಡು ವರ್ಷದ ಹಿಂದೆ ಗಲಾಟೆ ಆಗಿತ್ತಲ್ಲ, ನಿನಗೆ ಫೋನ್ ಮಾಡಿ ತಲೆ ತಿಂದಿದ್ದೆ. ಈ ಊರಲ್ಲಿ 2006ರಲ್ಲಿ ಜನರೇ ಮತ ಹಾಕಿ ತಂದ ನಿಯಮ ಇದೆ. ಬೇರೆ ಕಡೆ 11 ಅಥವಾ ಅದಕ್ಕಿಂತ ಜಾಸ್ತಿ ಅಂಗಡಿ ಇರುವ ಕಂಪನಿ ಇಂಥ ಬೀದಿಗೆ ಬರಬೇಕಾದರೆ ಪ್ಲಾನಿಂಗ್ ಕಮಿಷನ್ ಮುಂದೆ ನಿಂತು ವಿಶೇಷ ಅನುಮತಿ ಕೇಳಬೇಕು, ಬೀದಿಯವರು ಯಾರಾದರೂ ಸರಿ ಹೋಗಿ ಮೈಕ್ ಹಿಡಿದು ಬೇಕು ಅಥವಾ ಬೇಡ ಅನ್ನಬಹುದು. ನನಗೆ ಸಿಕ್ಕಿದ್ದು ಎರಡು ನಿಮಿಷ. ಎರಡು ನಿಮಿಷವೂ ನಿಮ್ಮಪ್ಪನ ಮೆಡಿಕಲ್ ಸ್ಟೋರ್ ಬಗ್ಗೆಯೇ ಮಾತಾಡಿದೆ. ಸ್ಟ್ರಿಪ್ಪಿನಿಂದ ಕತ್ತರಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ, ಚಿಕ್ಕ ಕಾಗದದ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ 1-0-1 ಅಂತ ಬರೆದು, 'ದುಡ್ಡು ನಾಳೆ ಕೊಡಪ್ಪ' ಅನ್ನೋದು. ಜನ ಚಪ್ಪಾಳೆ ತಟ್ಟಿದರು ಕಣೋ. ಅನುಮತಿ ಮಾತ್ರ ಸಿಕ್ಕೇಬಿಟ್ಟಿತು.

ಮೂಲೆಯಲ್ಲಿ ಒಬ್ಬರು ಹಳೇ ಫಾರ್ಮಸಿಸ್ಟ್ ಇದ್ದರು. ತಟ್ಟೆಯ ಮೇಲೆ ಮಾತ್ರೆ ಸುರಿದು, ಚಪ್ಪಟೆ ಚಮಚದಂಥದರಲ್ಲಿ ಐದೈದಾಗಿ ಎಣಿಸಿ, ಕಿತ್ತಳೆ ಬಣ್ಣದ ಡಬ್ಬಿಗೆ ತುಂಬುತ್ತಿದ್ದರು. ಮೂರು ವರ್ಷದಲ್ಲಿ ಬಾಗಿಲು ಹಾಕಿಕೊಂಡು ಹೋದರು. ಅವರದು ಆರು ಗಂಟೆಗೆ ಮುಚ್ಚೋದು, ಚೈನಿನವರದು ರಾತ್ರಿ ಹತ್ತರ ತನಕ ತೆರೆದಿರೋದು. ನಾನು ಆಫೀಸಿಂದ ಬರೋದು ಏಳಕ್ಕೆ. ಎಲ್ಲಿಗೆ ಹೋಗುತ್ತಿದ್ದೆ ಅಂತ ಬಿಡಿಸಿ ಹೇಳಬೇಕಾ?

ಈಗ ಗಾಳಿ ತಿರುಗಿದೆ. ಇಲ್ಲಿನ ದೊಡ್ಡ ಫಾರ್ಮಸಿ ಚೈನ್ ವಾಲ್‌ಗ್ರೀನ್ಸ್ ಮೂರು ವರ್ಷದಲ್ಲಿ 1,200 ಅಂಗಡಿ ಮುಚ್ಚುತ್ತೇವೆ ಅಂತ 2024ರಲ್ಲಿ ಹೇಳಿತು, ಇನ್ನೊಂದು ಚೈನ್ ರೈಟ್ ಏಡ್ 2025ರಲ್ಲಿ ಎಲ್ಲ ಅಂಗಡಿನೂ ಮುಚ್ಚಿತು. ನಮ್ಮ ಬೀದಿಯದು ಯಾವ ಕಂಪನಿ ಅಂತ ಹೇಳಲ್ಲ, ಅದರ ಗಾಜಿಗೂ ಚೀಟಿ ಅಂಟಿದೆ. ಅವತ್ತು 'ಬೇಡ' ಅಂದವರೇ ಹೋದ ಭಾನುವಾರ ಬಾಗಿಲಲ್ಲಿ ನಿಂತು 'ಹೋಗಬೇಡಿ' ಅಂತ ಸಹಿ ಸಂಗ್ರಹ ಮಾಡುತ್ತಿದ್ದರು. ನಾನೂ ಹಾಕಿದೆ. ಮಾನ ಮರ್ಯಾದೆ ಎಲ್ಲ ಆಮೇಲೆ.

ವಾಕರ್ ಹಿಡಿದ ಒಬ್ಬರು ಅಜ್ಜಿ ನನ್ನನ್ನೇ ನೋಡಿ, "ಗೆಳೆಯನ ಅಪ್ಪನ ಅಂಗಡಿ ಕಥೆ ಹೇಳಿದವನು ನೀನೇ ಅಲ್ವಾ? ಅದು ಇನ್ನೂ ಇದೆಯಾ?" ಅಂದರು.

ಇದೆ, ಚೆನ್ನಾಗಿ ನಡೀತಿದೆ, ಅಂದುಬಿಟ್ಟೆ.

ಸುಳ್ಳು ಯಾಕೆ ಬಂತು ಗೊತ್ತಾ? ನಿಮ್ಮಪ್ಪನ ಅಂಗಡಿ ಮುಚ್ಚೋಕೆ ಎರಡು ವರ್ಷ ಮೊದಲಿಂದಲೂ ಅಮ್ಮನ ಬಿಪಿ ಮಾತ್ರೆ ಇಲ್ಲಿಂದ ನಾನೇ ಆ್ಯಪ್‌ನಲ್ಲಿ ಆರ್ಡರ್ ಮಾಡುತ್ತಿದ್ದೆ. ಶೇಕಡಾ 20 ಡಿಸ್ಕೌಂಟ್, ಮನೆ ಬಾಗಿಲಿಗೇ ಬರುತ್ತಿತ್ತು. ಒಂದು ದಿನ ತರಕಾರಿ ತರೋಕೆ ಹೋದ ಅಮ್ಮನನ್ನು ನಿಮ್ಮಪ್ಪ ಕೌಂಟರಿನಿಂದಲೇ ಕೇಳಿದರಂತೆ, "ಏನಮ್ಮ, ಬಿಪಿ ವಾಸಿ ಆಯ್ತಾ?" ಅಂತ. ಅಮ್ಮ ಇದನ್ನು ನಗುತ್ತಾ ಹೇಳಿದಳು, ನಾನೂ ನಕ್ಕೆ. ಬಿಪಿ ವಾಸಿಯಾಗೋ ಕಾಯಿಲೆ ಅಲ್ಲ ಅನ್ನೋದು ನಲವತ್ತು ವರ್ಷ ಮಾತ್ರೆ ಮಾರಿದವರಿಗೆ ಗೊತ್ತಿರಲಿಲ್ಲವಾ? ಈಗ ಆ ಭಾನುವಾರದಿಂದ ಅದೇ ಮಾತು ಕಿವಿಯಲ್ಲಿ ಕೂತಿದೆ.

ಸರಿ, ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ನಿಮ್ಮಪ್ಪನಿಗೆ ಓದಿ ಹೇಳಬೇಡ, ಅಥವಾ ಅಜ್ಜಿಯ ತನಕ ಹೇಳಿ ನಿಲ್ಲಿಸು. ಉದ್ರಿ ಪುಸ್ತಕದಲ್ಲಿ ನನ್ನ ಹೆಸರಲ್ಲಿ ಒಂದು ಡೆಟಾಲ್ ಬಾಕಿ ಇರಬೇಕು, ಬಡ್ಡಿ ಸೇರಿಸಿ ಲೆಕ್ಕ ಕಳಿಸು. ಗ್ರೈಪ್ ವಾಟರ್ ದುಡ್ಡು ಮಾತ್ರ ನಿಂದೇ.

ನಿನ್ನ,
ಕೊನೇ ಬೆಂಚು