ಮಳೆಗಾಲ ದಾಟಿಸಿದವರಿಗೆ

ಕೊಡಗಿನಲ್ಲಿ ಕಾವೇರಿ ಸಂಕ್ರಮಣ ಕಳೆಯಿತು. ಅರೇಬಿಕಾ ಕಾಫಿ ಅಲ್ಲಲ್ಲಿ ಕೆಂಪಾಗುತ್ತಿದೆ, ಮಳೆ ಸಂತ್ರಸ್ತರ ಕಾಳಜಿ ಕೇಂದ್ರವಾಗಿದ್ದ ಶಾಲೆಗಳಲ್ಲಿ ಮತ್ತೆ ಪಾಠ ನಡೆಯುತ್ತಿದೆ. ಶಾಸಕರ ಕಚೇರಿಯಿಂದ ಹೊರಡುವ ಈ ಸಲದ ಕ್ಷೇತ್ರ ಸುದ್ದಿಯಲ್ಲಿ ಗುದ್ದಲಿ ಪೂಜೆಯ ಫೋಟೊಗಳನ್ನು ಬದಿಗಿಟ್ಟಿದ್ದೇವೆ. ಮಳೆಗಾಲದಲ್ಲಿ ದುಡಿದವರನ್ನು ನೆನೆಯುವುದಷ್ಟೇ ಇದರ ಕೆಲಸ. ಸನ್ಮಾನ ಸಭೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲರಿಗೂ ಒಂದೇ ತರಹ ಸಿಗುತ್ತವೆ, ಭಾಷಣವೂ ಒಂದೇ ತರಹ ಇರುತ್ತದೆ. ಯಾರು ಏನು ಮಾಡಿದರು, ಅದನ್ನು ಹಾಗೆಯೇ ಯಾಕೆ ಮಾಡಬೇಕಿತ್ತು ಎಂಬುದು ಅಲ್ಲಿ ಹೇಳಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇವೆ. ಹೆಸರು ಹಾಕಿಲ್ಲ. ಊರವರಿಗೆ ಯಾರೆಂದು ಗೊತ್ತು.

ಮೊದಲ ನಮಸ್ಕಾರ ಬಾವಿ ಶುದ್ಧ ಮಾಡಿದ ನೀರುಗಂಟಿಗಳಿಗೆ ಮತ್ತು ಅವರ ಜೊತೆ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರಿಗೆ. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಯಾರೂ ಕೇಳುವುದಿಲ್ಲ. ಬ್ಲೀಚಿಂಗ್ ಪೌಡರ್ ತಂದು ಬಾವಿಗೆ ಸುರಿದರೆ ಮುಗಿಯಿತು ಎಂದುಕೊಂಡವರು ಇನ್ನೂ ಇದ್ದಾರೆ. ಹಾಗೆ ಸುರಿದರೆ ಸುಣ್ಣ ತಳಕ್ಕಿಳಿದು ನೀರು ಗಡುಸಾಗುತ್ತದೆ, ಕ್ಲೋರಿನ್ ಎಲ್ಲ ಕಡೆ ಬೆರೆಯುವುದೂ ಇಲ್ಲ. ನಮ್ಮ ನೀರುಗಂಟಿಗಳು ಮಾಡಿದ್ದು ಹೀಗೆ: ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ 4ರಿಂದ ಭಾಗಿಸಿದರೆ ಎಷ್ಟು ಸಾವಿರ ಲೀಟರ್ ನೀರಿದೆ ಎಂದು ತಿಳಿಯುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಸಾಮಾನ್ಯ ಪ್ರಮಾಣ. 2 ಮೀಟರ್ ಅಗಲ, 4 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 12,560 ಲೀಟರ್ ಇರುತ್ತದೆ, ಅದಕ್ಕೆ 31 ಗ್ರಾಂ ಸಾಕು. ಪೌಡರನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ ಕದಡಿ, ಐದು ಹತ್ತು ನಿಮಿಷ ಬಿಡಬೇಕು. ಒಂದು ಬಕೆಟ್ಟಿಗೆ 100 ಗ್ರಾಂ ಮೀರಬಾರದು. ಸುಣ್ಣ ತಳದಲ್ಲಿ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಹಗ್ಗ ಕಟ್ಟಿ ಬಾವಿಗಿಳಿಸಿ, ನೀರಿನ ಮಟ್ಟದ ಕೆಳಗೆ ಮೇಲೂ ಕೆಳಗೂ ಎಳೆದಾಡಬೇಕು. ಉಳಿದ ಸುಣ್ಣವನ್ನು ಬಾವಿಯಿಂದ ದೂರ ಚೆಲ್ಲಬೇಕು. ಒಂದು ಗಂಟೆಯಾದರೂ ಆ ನೀರು ಮುಟ್ಟಬಾರದು. ಸಂಜೆ ಹಾಕಿ ಬೆಳಿಗ್ಗೆ ಸೇದುವುದು ಇನ್ನೂ ಒಳ್ಳೆಯದು.

ಕೊಡಗಿನಲ್ಲಿ ಈ ಲೆಕ್ಕ ಕೈಕೊಡುವುದು ಎರಡು ಕಡೆ. ಹೊಸ ಪೌಡರಿನಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲ ನಮ್ಮ ಜುಲೈ ತಿಂಗಳ ತೇವದಲ್ಲಿ ಪಂಚಾಯಿತಿ ಕೊಠಡಿಯ ಮೂಲೆಯಲ್ಲಿದ್ದರೆ ಅದು ಇಳಿಯುತ್ತಾ ಹೋಗಿ, ಕೊನೆಗೆ ಹಾಕುವುದು ಬರೀ ಸುಣ್ಣವೇ. ಪೌಡರನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆಲದಿಂದ ಮೇಲೆ ಹಲಗೆಯ ಮೇಲಿಟ್ಟ ಪಂಚಾಯಿತಿಗಳಿಗೆ ವಿಶೇಷ ವಂದನೆ. ಇನ್ನೊಂದು, ಹೊಳೆ ನೀರು ನುಗ್ಗಿದ ಬಾವಿ. ಕೆಸರು ನೀರು ಕ್ಲೋರಿನ್ನನ್ನು ತಾನೇ ನುಂಗಿಬಿಡುತ್ತದೆ. ಕರಡಿಗೋಡು, ಬೆಟ್ಟದಕಾಡು, ಕುಂಬಾರಗುಂಡಿಯಂಥ ನದಿ ದಂಡೆಯ ಊರುಗಳಲ್ಲಿ ನೀರಿಳಿದ ಮೇಲೆ ಮೊದಲು ಪಂಪ್ ಇಟ್ಟು ಬಾವಿ ಬರಿದು ಮಾಡಿ, ಹೂಳು ತೆಗೆದು, ಹೊಸ ನೀರು ಬಂದ ಮೇಲಷ್ಟೇ ಔಷಧ ಹಾಕಬೇಕು. ಒಂದು ಗಂಟೆಯ ಬಳಿಕ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೋಡಿದಾಗ ಹಳದಿ ಬಣ್ಣ ಲೀಟರಿಗೆ 0.5 ಮಿಲಿಗ್ರಾಂ ತೋರಿಸದಿದ್ದರೆ ಮತ್ತೆ ಹಾಕಬೇಕು. ವಾಸನೆ ನೋಡಿ ಸಾಕು ಎಂದವರ ಮಾತು ಕೇಳದೆ ಕೊಳವೆ ಹಿಡಿದು ಬಣ್ಣ ನೋಡಿದ ಆಶಾ ಅಕ್ಕಂದಿರೇ, ನಿಮಗೆ ಋಣಿ.

ಆಮೇಲೆ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕಾದವರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಈ ಗುಡ್ಡ ಕುಸಿತಗಳನ್ನು ಕಂಡ ಜಿಲ್ಲೆಗೆ ಮನೆ ಹಿಂದಿನ ಬರೆ ಅಂದರೇನು ಎಂದು ವಿವರಿಸಬೇಕಾಗಿಲ್ಲ. ಮನೆ ಕಟ್ಟಲು, ರಸ್ತೆ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕೊಯ್ದಲ್ಲಿ ಮೇಲಿನ ಮಣ್ಣಿಗೆ ಆಸರೆ ಇರುವುದಿಲ್ಲ. ಮೇಲಿನ ಚರಂಡಿ ಕಟ್ಟಿಕೊಂಡರೆ ನೀರೆಲ್ಲ ಒಳಗೆ ಇಂಗಿ ಮಣ್ಣಿನ ಭಾರ ಹೆಚ್ಚಿಸುತ್ತದೆ, ಮಣ್ಣಿನ ಹಿಡಿತ ಸಡಿಲಿಸುತ್ತದೆ. ಎಷ್ಟೋ ಕಡೆ ಉಳಿವಿಗೂ ನಾಶಕ್ಕೂ ನಡುವೆ ಇದ್ದದ್ದು ಮೋರಿಗೆ ಅಡ್ಡ ಬಿದ್ದ ಸಿಲ್ವರ್ ಓಕ್ ಎಲೆಯ ಕಸ. ಮೇ ತಿಂಗಳಲ್ಲೇ ಗುದ್ದಲಿ ಹಿಡಿದು ಮೋರಿ ಬಿಡಿಸಿದ ಉದ್ಯೋಗ ಖಾತ್ರಿ ಕಾರ್ಮಿಕರಿಗೆ, ಸಂಘದ ಹುಡುಗರಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಬಾಣೆಯಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಾಗದಲ್ಲಿ) ಬಿರುಕು ಕಂಡಾಗ ಗಾಬರಿಯಾಗದೆ ಅಳತೆ ಇಟ್ಟವರನ್ನೂ ಇಲ್ಲಿ ನೆನೆಯಬೇಕು. ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆದು, ತಲೆಗೊಂದು ಮೊಳೆ ಇಟ್ಟು, ಮೊಳೆಯಿಂದ ಮೊಳೆಗೆ ಬೆಳಿಗ್ಗೆ ಸಂಜೆ ಸ್ಟೀಲ್ ಟೇಪಿನಲ್ಲಿ ಅಳೆದು ಬರೆದಿಡುವುದು. ಬಟ್ಟೆಯ ಟೇಪು ನೆನೆದರೆ ಅದರ ಉದ್ದ ಬದಲಾಗುತ್ತದೆ, ಲೆಕ್ಕ ತಪ್ಪುತ್ತದೆ. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲ್ ಹೊದಿಸಿ, ಅದರ ಮೇಲ್ಭಾಗದಲ್ಲಿ ಸಣ್ಣ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಅಳತೆ ಏರುತ್ತಿದ್ದರೆ, ಮರಗಳು ಓರೆಯಾದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಬುಡದಲ್ಲಿ ಮೊದಲು ಇಲ್ಲದ ಊಟೆ (ಒರತೆ) ಎದ್ದು ಕೆಂಪು ನೀರು ಬಂದರೆ ಟಾರ್ಪಾಲಿನ ಆಸೆ ಬಿಟ್ಟು ಮನೆ ಖಾಲಿ ಮಾಡಬೇಕು. ರಾತ್ರಿ ಹೊತ್ತಿನಲ್ಲಿ ಹೊರಡಲು ಒಪ್ಪದ ಅಜ್ಜಂದಿರ ಎದುರು ಆ ಟೇಪಿನ ಲೆಕ್ಕ ಹಿಡಿದು ತೋರಿಸಿದ ಗ್ರಾಮ ಆಡಳಿತ ಅಧಿಕಾರಿಗಳಿಗೂ, ಆ ಮಾತಿಗೆ ಬೆಲೆ ಕೊಟ್ಟು ಹೊರಟ ಅಜ್ಜಂದಿರಿಗೂ ನಮಸ್ಕಾರ.

ಮಳೆ ಅಳೆದ ತೋಟದ ರೈಟರುಗಳನ್ನು (ಲೆಕ್ಕ ಬರೆಯುವವರನ್ನು) ಬಿಡುವಂತಿಲ್ಲ. ನಮ್ಮಲ್ಲಿ ಮಳೆ ಇಂಚು, ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಭಾಗ) ಇದೆ. ಹವಾಮಾನ ಇಲಾಖೆಯದು ಮಿಲಿಮೀಟರ್. ಒಂದು ಇಂಚು 25.4 ಮಿ.ಮೀ. ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ನಮ್ಮ ಭಾಷೆಯಲ್ಲಿ ಹೆಚ್ಚು ಕಡಿಮೆ ನಾಲ್ಕೂವರೆ ಇಂಚು, ಎಂಟು ಇಂಚು. ಪ್ರತಿ ದಿನ ಬೆಳಿಗ್ಗೆ 8.30ಕ್ಕೆ ಅಳೆದರೆ ಮಾತ್ರ ಇಲಾಖೆಯ ಅಂಕಿಯ ಜೊತೆ ಹೋಲಿಸಬಹುದು. ತಿಂಡಿ ತಿಂದು ಹತ್ತು ಗಂಟೆಗೆ ಅಳೆದದ್ದು ಬೇರೆ ದಿನದ ಮಳೆಯನ್ನೂ ಸೇರಿಸಿಕೊಳ್ಳುತ್ತದೆ. ಮಾಪಕ ಮರದ ಕೆಳಗಿದ್ದರೆ ಎಲೆ ತಡೆದ ಮಳೆ ಲೆಕ್ಕಕ್ಕೇ ಸಿಗುವುದಿಲ್ಲ. ಒಡೆದ ಗ್ಲಾಸಿನ ಬದಲು ಬೇರೆ ಅಳತೆಯ ಮಾಪಕದ ಗ್ಲಾಸು ಬಳಸಿದರೆ ಇಡೀ ವರ್ಷದ ಪುಸ್ತಕ ಹಾಳು. ಪ್ರತಿ ಬೆಳಿಗ್ಗೆ ವಾಟ್ಸಾಪಿಗೆ ಬಂದ ಆ ಒಂದು ಸಾಲು ಎಷ್ಟು ಪ್ರಯೋಜನಕ್ಕೆ ಬಂತು ಎಂದು ಕಳಿಸಿದವರಿಗೇ ಗೊತ್ತಿರಲಿಕ್ಕಿಲ್ಲ.

ಚೆಸ್ಕಾಂ ಲೈನ್‌ಮನ್‌ಗಳು. ಕರೆಂಟ್ ಹೋದ ಮರುಕ್ಷಣ ಬೈಯುವುದು ಸುಲಭ. 11 ಕೆ.ವಿ. ತಂತಿಯ ಮೇಲೆ ಮರ ಬಿದ್ದಾಗ ಅವರು ಮಾಡಬೇಕಾದ್ದು ಏನೆಂದು ತಿಳಿದರೆ ಬೈಗುಳ ಅರ್ಧ ಕಡಿಮೆಯಾದೀತು. ಸ್ಟೇಷನ್ನಿನಿಂದ ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿದ ಒಪ್ಪಿಗೆ) ಪಡೆಯಬೇಕು, ಜಿಒಎಸ್ (ಕಂಬದ ಮೇಲಿನ ಸ್ವಿಚ್) ಎಳೆದು ಬೀಗ ಹಾಕಬೇಕು, ತಂತಿ ಸತ್ತಿದೆಯೇ ಎಂದು ಪರೀಕ್ಷಿಸಬೇಕು, ಕೆಲಸದ ಜಾಗದ ಎರಡೂ ಕಡೆ ಅರ್ತಿಂಗ್ ರಾಡ್ ಹಾಕಬೇಕು. ಒಂದೇ ಕಡೆ ಹಾಕಿದರೆ ಸಾಲದು. ಯಾಕೆಂದರೆ ಎಲ್ಲೋ ಒಂದು ಮನೆಯವರು, ಇಲ್ಲವೆ ಹೋಮ್‌ಸ್ಟೇಯವರು, ಲೈನಿನಿಂದ ಮನೆಯನ್ನು ಬೇರ್ಪಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಿದರೆ ಆ ವಿದ್ಯುತ್ತು ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ನುಗ್ಗಿ, ಮೇಲಿನ ತಂತಿಯಲ್ಲಿ ಮತ್ತೆ ಸಾವಿರಾರು ವೋಲ್ಟ್ ಆಗುತ್ತದೆ. ಮನೆಯಲ್ಲಿ ಆ ಸ್ವಿಚ್ ಹಾಕಿಸಿದವರು ಒಬ್ಬ ಲೈನ್‌ಮನ್‌ನ ಮನೆಯವರಿಗೆ ಉಪಕಾರ ಮಾಡಿದ್ದಾರೆ. 1912ಕ್ಕೆ ಕರೆ ಮಾಡಿದಾಗ “ನಮ್ಮೂರಲ್ಲಿ ಕರೆಂಟಿಲ್ಲ” ಎನ್ನುವ ಬದಲು ಕಂಬದ ನಂಬರ್ ಹೇಳಿದವರಿಗೂ ಥ್ಯಾಂಕ್ಸ್. ಲೈನ್‌ಮನ್ ಕತ್ತಲಲ್ಲಿ ತೋಟ ಸುತ್ತುವುದು ತಪ್ಪಿತು. ಆನೆ ಇರುವ ತೋಟದಲ್ಲಿ ಅದು ಸಣ್ಣ ಮಾತಲ್ಲ.

ಮರ ಕೊಯ್ಯುವ ಯಂತ್ರ ತಂದು ರಸ್ತೆ ಬಿಡಿಸಿದವರು ಬಹುತೇಕ ತೋಟದ ಮೇಸ್ತ್ರಿಗಳು. ಎರಡು ಕಡೆ ಸಿಕ್ಕಿಕೊಂಡು ನಡುವೆ ಬಾಗಿದ ದಿಮ್ಮಿಯನ್ನು ಮೊದಲು ಮೇಲಿನಿಂದ ಮೂರನೇ ಒಂದು ಭಾಗ ಮಾತ್ರ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಪೂರ್ತಿ ಮೇಲಿನಿಂದಲೇ ಕೊಯ್ದರೆ ಚೈನ್ ಸಿಕ್ಕಿಬೀಳುತ್ತದೆ. ಕೆಳಗಿನಿಂದ ಶುರುಮಾಡಿದರೆ ದಿಮ್ಮಿ ಸೀಳಿ ಸಿಡಿಯುತ್ತದೆ. ಇಳಿಜಾರಿನಲ್ಲಿ ನಿಲ್ಲುವುದು ಯಾವಾಗಲೂ ಮೇಲ್ಗಡೆ.

ಕಾಳಜಿ ಕೇಂದ್ರಗಳ ಅಡುಗೆಯವರು, ದೋಣಿ ಮತ್ತು ರ್‍ಯಾಫ್ಟಿನ ಹುಡುಗರು, ಆನೆಯ ಸುಳಿವು ಕೊಟ್ಟು ಶಾಲೆ ಮಕ್ಕಳನ್ನೂ ತೋಟದ ಲೈನ್ ಮನೆಗಳ ಕಾರ್ಮಿಕರನ್ನೂ ತಡೆದು ನಿಲ್ಲಿಸಿದ ಅರಣ್ಯ ಇಲಾಖೆಯ ಆರ್‌ಆರ್‌ಟಿ (ತುರ್ತು ಸ್ಪಂದನಾ ತಂಡ) ಸಿಬ್ಬಂದಿ, ಎಲ್ಲರಿಗೂ ವಂದನೆ. ಕೇಂದ್ರಕ್ಕೆ ಬಂದ ಕೂಡಲೇ ಬಿಪಿ, ಸಕ್ಕರೆ ಮಾತ್ರೆ ಯಾರು ಮನೆಯಲ್ಲೇ ಬಿಟ್ಟು ಬಂದಿದ್ದಾರೆ ಎಂದು ಕೇಳಿ ಪಟ್ಟಿ ಮಾಡಿದ ನರ್ಸ್‌ಗಳ ಕೆಲಸ ಕಂಬಳಿ ಹಂಚಿದ ಫೋಟೊಗಳಿಗಿಂತ ದೊಡ್ಡದು ಎನ್ನುವುದು ನಮ್ಮ ಅಭಿಪ್ರಾಯ.

ಇನ್ನು ಕಾಗದದ ಕೆಲಸ. ಒಂದು ವಿಷಯ ಬಿಚ್ಚಿ ಹೇಳಬೇಕು: ವಿಪತ್ತು ಪರಿಹಾರದ ಹಣ ಶಾಸಕರ ಕೈಯಲ್ಲಿ ಇರುವುದಿಲ್ಲ, ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರ ಮೂಲಕ ಬರುತ್ತದೆ. ಶಾಸಕರ ಪತ್ರ ತಂದರೆ ಬೇಗ ಆಗುತ್ತದೆ ಎಂದು ಕಾಯುವುದರಲ್ಲಿ ದಿನ ಕಳೆಯುತ್ತದೆ ಅಷ್ಟೆ. ಗೋಡೆ ಬಿದ್ದಾಗ ಮಣ್ಣು ತೆಗೆಯುವ ಮೊದಲೇ ಮನೆ ನಂಬರ್ ಕಾಣುವಂತೆ ಫೋಟೊ ತೆಗೆದವರ ಅರ್ಜಿಗೆ ಆಕ್ಷೇಪ ಬರುವುದು ಕಡಿಮೆ. ಆಧಾರ್ ಜೋಡಣೆಯಾಗದ ಖಾತೆ, ಪಾಸ್‌ಬುಕ್ಕಿನಲ್ಲಿ ಒಂದು ಹೆಸರು ಆಧಾರಿನಲ್ಲಿ ಇನ್ನೊಂದು ಇರುವುದು, ಹಣ ನಿಲ್ಲುವುದು ಇಲ್ಲಿಯೇ. ಜಮ್ಮಾ ಹಿಡುವಳಿಯಲ್ಲಿ (ಕೊಡಗಿನ ವಂಶಪಾರಂಪರ್ಯದ ಜಮೀನಿನಲ್ಲಿ) ತೊಡಕು ಬೇರೆ: ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರು, ಜೊತೆಗೆ ಒಕ್ಕದ (ಮನೆತನದ) ಹಲವರ ಹೆಸರು. ಬೆಳೆ ಕಳೆದುಕೊಂಡವರು ಯಾರು ಎಂದು ಪಹಣಿ ನೋಡಿ ಹೇಳಲಾಗದು. ಇಂಥ ಕಡೆ ಕುಟುಂಬದವರನ್ನೆಲ್ಲ ಕೂರಿಸಿ ಒಪ್ಪಿಗೆ ಪತ್ರ ಬರೆಸಿದ ಊರ ಹಿರಿಯರ ಸಹಾಯ ದೊಡ್ಡದು. ಕಾಫಿ, ಮೆಣಸಿಗೆ ಕೇಂದ್ರದ 2022ರ ಮಾನದಂಡ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ, ನಷ್ಟ ಶೇ. 33 ಅಥವಾ ಹೆಚ್ಚಿದ್ದರೆ. ತೋಟದ ಖರ್ಚು ಬಲ್ಲವರಿಗೆ ಈ ಮೊತ್ತ ಎಷ್ಟಕ್ಕೆ ಸಾಲುತ್ತದೆ ಎಂದು ಹೇಳಬೇಕಿಲ್ಲ. ಆದರೂ ಕೊಳೆ ರೋಗಕ್ಕೆ ಉದುರಿದ ಕಾಯಿಯನ್ನು ಗಿಡದ ಬುಡದಲ್ಲೇ ಬಿಟ್ಟು ಸರ್ವೆಯವರಿಗೆ ತೋರಿಸಿದವರ ವರದಿ ಗಟ್ಟಿಯಾಗಿ ಬಂತು. ಗುಡಿಸಿ ಹಾಕಿದ ತೋಟದಲ್ಲಿ ಬರೆಯಲು ಏನೂ ಉಳಿದಿರುವುದಿಲ್ಲ.

ಕೊನೆಯ ನಮಸ್ಕಾರ ಮುಂದಿನ ತಿಂಗಳುಗಳ ಕೆಲಸಕ್ಕೆ. ಅಲ್ಯೂಮಿನಿಯಂ ಏಣಿ ಬಿಟ್ಟು ಬಿದಿರಿನ ಅಥವಾ ಫೈಬರ್ ಏಣಿಗೆ ಬದಲಾದ ತೋಟದ ಮಾಲೀಕರಿಗೆ ಅದು. ಮರ ಕಪಾತಿನಲ್ಲೂ ಮೆಣಸು ಕೊಯ್ಲಿನಲ್ಲೂ ಕೊಡಗಿನಲ್ಲಿ ಕೂಲಿಯವರ ಜೀವ ತೆಗೆಯುತ್ತಿರುವುದು ತಂತಿಗೆ ತಾಗುವ ಆ ಏಣಿ. ಬಿದಿರಿನದು ಭಾರ, ನಿಜ. ಒದ್ದೆಯಾದರೆ ಅದೂ ಸುರಕ್ಷಿತವಲ್ಲ. ಏಣಿ ಯಾವುದಾದರೂ ಇರಲಿ, ತೋಟದೊಳಗೆ ನೆಟ್ಟಗೆ ನಿಲ್ಲಿಸಿಕೊಂಡು ನಡೆಯುವಂತಿಲ್ಲ, ಮಲಗಿಸಿ ಇಬ್ಬರು ಹೊರಬೇಕು. ತಂತಿ ಹಾದುಹೋಗುವ ಸಾಲಿನ ಮರಗಳಿಗೆ ಕೆಂಪು ಬಣ್ಣ ಬಳಿದು, ಆ ಸಾಲಿನ ಕೆಲಸವನ್ನು ಚೆಸ್ಕಾಂನವರಿಗೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಿದ ದಿನಕ್ಕೆ ಇಟ್ಟುಕೊಳ್ಳಿ.