ಮಂಗಳೂರು–ದುಬೈ ಹಾದಿ ಎರಡು ಗಂಟೆಯದಲ್ಲ

ಇವರಿಂದ:
ನಿಮ್ಮ ಜಾಲತಾಣದ ಗ್ರಾಹಕ, ಹೊನ್ನಾವರ, ಉತ್ತರ ಕನ್ನಡ ಜಿಲ್ಲೆ

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ವಿಮಾನ ಪ್ರಯಾಣದ ಅವಧಿಯನ್ನು ತಪ್ಪಾಗಿ ತೋರಿಸಿರುವ ಬಗ್ಗೆ

ಮಾನ್ಯರೇ,

ತಂಗಿಯ ಬಾಣಂತನಕ್ಕೆಂದು ದುಬೈಗೆ ಹೊರಟಿದ್ದ ನನ್ನ ತಾಯಿಯವರಿಗೆ ನಿಮ್ಮ ಜಾಲತಾಣದಲ್ಲಿ ಟಿಕೆಟ್ ಕಾಯ್ದಿರಿಸಿದ್ದೆ. ಮಂಗಳೂರಿನಿಂದ ಬೆಳಿಗ್ಗೆ 10.15ಕ್ಕೆ ಹೊರಟು 12.25ಕ್ಕೆ ತಲುಪುವ ನೇರ ವಿಮಾನ. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ಪ್ರಯಾಣದ ಅವಧಿ 2 ಗಂಟೆ 10 ನಿಮಿಷ’ ಎಂದಿತ್ತು. ಅವರು ನಿಜವಾಗಿ ಪ್ರಯಾಣಿಸಿದ್ದು 3 ಗಂಟೆ 40 ನಿಮಿಷ.

ವಿಮಾನ ತಡವಾಗಲಿಲ್ಲ, ಹೇಳಿದ ಹೊತ್ತಿಗೇ ಇಳಿಯಿತು. ತಪ್ಪಿರುವುದು ನಿಮ್ಮ ಲೆಕ್ಕ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ 12.25 ಆದಾಗ ಇಲ್ಲಿ 1.55. ಅದನ್ನು ಗಮನಿಸದೆ ಅಲ್ಲಿನ ವೇಳೆಯಿಂದ ಇಲ್ಲಿನ ವೇಳೆಯನ್ನು ಹಾಗೆಯೇ ಕಳೆದಿದ್ದೀರಿ. ಎರಡು ನಗರಗಳ ನಡುವಿನ ನೇರ ದೂರ ಸುಮಾರು 2,450 ಕಿಲೋಮೀಟರ್. ಪ್ರಯಾಣಿಕ ವಿಮಾನಗಳು ಗಂಟೆಗೆ 800ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ನಿಮ್ಮ ಅವಧಿಯಲ್ಲಿ ತಲುಪಬೇಕಾದರೆ 1,100 ಕಿ.ಮೀ. ಮೀರಬೇಕು. ಇನ್ನು ಮರಳುವ ವಿಮಾನಕ್ಕೆ 4 ಗಂಟೆ 50 ನಿಮಿಷ ಎಂದಿದ್ದೀರಿ. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಗಾಳಿ ಬೀಸುವುದರಿಂದ ಸಾಮಾನ್ಯವಾಗಿ ಬರುವಾಗಲೇ ಬೇಗ ತಲುಪುವುದು!

ತಾಯಿಯವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡ ಮೇಲೆ ಮಧ್ಯಾಹ್ನದ ಊಟ ತಡವಾಗುವಂತಿಲ್ಲ. ಎರಡು ಗಂಟೆಯ ಪ್ರಯಾಣವೆಂದು ನೀವು ತಿಳಿಸಿದ್ದರಿಂದ ವಿಮಾನದಲ್ಲಿ ಊಟ ಕಾಯ್ದಿರಿಸಲಿಲ್ಲ, ಇಳಿದ ಕೂಡಲೇ ಉಣ್ಣುವ ಏರ್ಪಾಡು ಮಾಡಿದ್ದೆವು. ಇಳಿಯುವ ಮುಂಚೆಯೇ ಅವರಿಗೆ ಕೈ ನಡುಗಿ ಬೆವರು ಬಂದಿದೆ. ಪಕ್ಕದಲ್ಲಿದ್ದ ಭಟ್ಕಳದ ಮಹಿಳೆಯೊಬ್ಬರು ಬಿಸ್ಕತ್ತು, ಹಣ್ಣಿನ ರಸ ಕೊಟ್ಟು ಉಪಚರಿಸಿದ್ದಾರೆ. ಅವರಿಗೆ ನಾವು ಋಣಿ. ಆದರೆ ಸಹಪ್ರಯಾಣಿಕರ ಒಳ್ಳೆಯತನವನ್ನು ನಂಬಿ ನೀವು ವ್ಯವಹಾರ ನಡೆಸುವಂತಿಲ್ಲ.

ನಿಮ್ಮ ಸಹಾಯವಾಣಿಗೆ ಕರೆ ಮಾಡಿದರೆ, ‘ಹೊರಡುವ, ತಲುಪುವ ವೇಳೆ ಸರಿಯಾಗಿಯೇ ಇದೆಯಲ್ಲ ಸರ್’ ಎಂಬ ಉತ್ತರ. ನನ್ನ ದೂರು ಅದರ ಬಗ್ಗೆ ಅಲ್ಲವೇ ಅಲ್ಲ.

ನಮ್ಮ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಅಂಕೋಲಾದ ಅಲಗೇರಿಯದ್ದು ಆಗಲಿ ಎಂದು ಕಾಯುತ್ತಿರುವ ಜನ ನಾವು. ಕಾರವಾರದವರು ಗೋವಾಕ್ಕೆ, ನಾವು ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಗೆ ರಸ್ತೆಯಲ್ಲೇ ಗಂಟೆಗಟ್ಟಲೆ ಸಾಗಿ, ಮೂರು ಗಂಟೆ ಮೊದಲೇ ನಿಲ್ದಾಣ ಸೇರಬೇಕು. ಭಟ್ಕಳ, ಶಿರಾಲಿ, ಮುರ್ಡೇಶ್ವರ ಕಡೆಯ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿಯಲ್ಲಿ ದುಡಿಯುತ್ತಿದ್ದಾರೆ. ಅವರನ್ನು ನೋಡಲು ಹೋಗುವ ವಯಸ್ಸಾದ ತಂದೆತಾಯಿ ಮಾತ್ರೆ, ಊಟಗಳನ್ನೆಲ್ಲ ನಿಮ್ಮ ಆ ಒಂದು ಸಾಲನ್ನು ನೋಡಿಯೇ ಹೊಂದಿಸಿಕೊಳ್ಳುತ್ತಾರೆ.

ಆದ್ದರಿಂದ ಎಲ್ಲ ಅಂತರರಾಷ್ಟ್ರೀಯ ವಿಮಾನಗಳ ಅವಧಿಯನ್ನೂ ಕಾಲವಲಯದ ವ್ಯತ್ಯಾಸ ಸೇರಿಸಿ ಸರಿಪಡಿಸಿ. ವೇಳೆಯ ಪಕ್ಕದಲ್ಲಿ ‘ದುಬೈ ಸಮಯ’, ‘ಭಾರತೀಯ ಸಮಯ’ ಎಂದು ಕನ್ನಡದಲ್ಲೂ ಬರೆಯಿರಿ. ಈಗಾಗಲೇ ಟಿಕೆಟ್ ಕೊಂಡವರಿಗೆ ಸರಿಯಾದ ಅವಧಿಯನ್ನು ಸಂದೇಶದ ಮೂಲಕ ತಿಳಿಸಿ. ತಾಯಿಯವರ ಮರುಪ್ರಯಾಣದ ಟಿಕೆಟ್ಟಿನಲ್ಲಿಯೂ ಇದೇ ತಪ್ಪು ಇದೆ, ಅದು ಮೊದಲು ಸರಿಯಾಗಲಿ.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಟಿಕೆಟ್ ಪ್ರತಿ ಮತ್ತು ಜಾಲತಾಣದ ಪುಟದ ಚಿತ್ರ ಲಗತ್ತಿಸಿದ್ದೇನೆ.

ಇತಿ,
ನೊಂದ ಗ್ರಾಹಕ